ಮರದ ಗಿಟಾರೋ, ಇಂಗಾಲದ ಗಿಟಾರೋ?

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಗಿಟಾರೊಂದನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದನು. ನಿಪ್ಪಾಣಿಗೆ ಸಮೀಪದ ಅಕ್ಕೋಳ ಅವನ ಊರು. ಈಗ ಓದುತ್ತಿರುವುದು ಮಂಗಳೂರಿನಲ್ಲಿ. ಎರಡು ವರ್ಷ ಕೈಖರ್ಚಿನಲ್ಲಿ ಉಳಿಸಿದ ಹಣದಿಂದ ಕಳೆದ ಮಳೆಗಾಲದಲ್ಲಿ ಅವನು ಅಲ್ಲಿಯೇ ಆ ವಾದ್ಯವನ್ನು ಕೊಂಡಿದ್ದನು. ಬೇಸಿಗೆಯ ರಜೆಗೆ ಊರಿಗೆ ಬಂದಾಗ ಮಕ್ಕಳ ಕೈಗೆ ಸಿಗಬಾರದೆಂದು ಅದನ್ನು ತಗಡು ಹೊದಿಸಿದ ಅಟ್ಟದ ಮೇಲೆ ಇರಿಸಿದನು. ಮೂರು ವಾರಗಳ ತರುವಾಯ ಇಳಿಸಿ ನೋಡಿದರೆ ಮುಂಭಾಗದ ಹಲಗೆಯು ಕುದುರೆಯ ಕೆಳಗಿನಿಂದ ಅಂಚಿನವರೆಗೆ ನೆಟ್ಟಗೆ ಸೀಳಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಅದು ಬಿದ್ದಿರಲೂ ಇಲ್ಲ.

“ಸರ್, ಇದು ಮಾರಿದವರ ಮೋಸವೇ, ನನ್ನ ತಪ್ಪೇ?” ಎಂದು ಅವನು ಕೇಳಿದನು. ಸಹಪಾಠಿಗಳು ಅವನಿಗೆ, ಮರದ ಕಾಲ ಮುಗಿಯಿತು, ಇನ್ನು ಕಾರ್ಬನ್ ಫೈಬರಿನ ಗಿಟಾರನ್ನೇ ಕೊಳ್ಳಬೇಕೆಂದು ಹೇಳಿದ್ದರು. ಊರಿನ ಭಜನೆಯಲ್ಲಿ ತಂಬೂರಿ ಮೀಟುವ ಅವನ ದೊಡ್ಡಪ್ಪನವರ ಮಾತೇ ಬೇರೆ: “ಮರದಾಗ ಜೀವ ಐತಿ, ಆ ಪ್ಲಾಸ್ಟಿಕಿನಾಗ ಏನೈತಿ?” ತಂದೆಯವರಂತೂ ಮತ್ತೊಂದು ವಾದ್ಯಕ್ಕೆ ತಮ್ಮಿಂದ ಒಂದು ರೂಪಾಯಿಯೂ ಬರುವುದಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದರು. ಹುಡುಗನ ಸಂಗೀತಾಭ್ಯಾಸ ಮುಂದುವರಿಯುವುದೋ ನಿಲ್ಲುವುದೋ ಎಂಬುದು ಆ ಒಂದು ಬಿರುಕಿನ ಮೇಲೆ ನಿಂತಿತ್ತು.

ಸಹಪಾಠಿಗಳ ಮಾತನ್ನಾಗಲಿ ದೊಡ್ಡಪ್ಪನವರ ಮಾತನ್ನಾಗಲಿ ನಾವು ಇದ್ದಂತೆಯೇ ಒಪ್ಪಲಾರೆವು. ಹೊಸದಾದುದರಿಂದಲೇ ಒಂದು ವಸ್ತು ಮೇಲಾಗುವುದಿಲ್ಲ. ಹಳೆಯದಾದುದರಿಂದಲೇ ಪೂಜ್ಯವೂ ಆಗುವುದಿಲ್ಲ. ಇಂಥ ಪ್ರಶ್ನೆಯನ್ನು ಅಳತೆಯ ಕೋಲು ಹಿಡಿದು ನಿರ್ಣಯಿಸಬೇಕೇ ಹೊರತು ಅಭಿಮಾನದಿಂದಲ್ಲ. ಆದುದರಿಂದ ಮೊದಲು ಮರವು ಏತಕ್ಕೆ ಸೀಳಿತೆಂಬುದನ್ನು ನೋಡೋಣ.

ನಮ್ಮ ಸೀಮೆಯ ರೈತನಿಗೆ ಮರದ ಈ ಸ್ವಭಾವ ಹೊಸತಲ್ಲ. ಬೇಸಿಗೆಯಲ್ಲಿ ಗಾಡಿಯ ಚಕ್ರದ ಮರವು ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾದರೆ, ಅವನು ಚಕ್ರವನ್ನು ನೀರಿನಲ್ಲಿ ಮುಳುಗಿಸಿಡುತ್ತಿದ್ದನು; ಮರವು ಉಬ್ಬಿ ಪಟ್ಟಿ ಮತ್ತೆ ಬಿಗಿಯಾಗುತ್ತಿತ್ತು. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳಂತೂ ಗಾಳಿಯ ತೇವವನ್ನು ಬೆರಳಿನಿಂದಲೇ ಅಳೆಯಬಲ್ಲರು. ಒಣಗಿದ ಎಲೆಯನ್ನು ಮಧ್ಯಾಹ್ನ ಮುಟ್ಟಿದರೆ ಪುಡಿಯಾಗುತ್ತದೆ. ಇಬ್ಬನಿ ಬಿದ್ದ ನಸುಕಿನಲ್ಲಿ ಮುಟ್ಟಿದರೆ ಬಟ್ಟೆಯಂತೆ ಮೃದುವಾಗಿರುತ್ತದೆ. ಎಲೆಯಾಗಲಿ ಮರವಾಗಲಿ, ಎರಡೂ ಸಸ್ಯದ ನಾರಿನಿಂದಲೇ ಆದವು. ಕಡಿದು ಎಷ್ಟು ವರ್ಷಗಳಾದರೂ ಮರವು ಗಾಳಿಯಿಂದ ತೇವವನ್ನು ಹೀರುವುದನ್ನೂ ಗಾಳಿಗೆ ಅದನ್ನು ಬಿಟ್ಟುಕೊಡುವುದನ್ನೂ ನಿಲ್ಲಿಸುವುದಿಲ್ಲ.

ಇಲ್ಲಿ ಮುಖ್ಯವಾದುದು ಸಾಪೇಕ್ಷ ಆರ್ದ್ರತೆ. ಆ ಉಷ್ಣತೆಯಲ್ಲಿ ಗಾಳಿಯು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯಲ್ಲಿ ನೂರಕ್ಕೆ ಎಷ್ಟು ಪಾಲು ವಾಸ್ತವವಾಗಿ ಇದೆಯೆಂಬುದೇ ಅದು. ಒಂದು ಘನಮೀಟರು ಗಾಳಿಯು 20 ಡಿಗ್ರಿ ಸೆಲ್ಸಿಯಸಿನಲ್ಲಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ. ಬೆಳಗಿನ ತಂಪಿನಲ್ಲಿ 20 ಡಿಗ್ರಿ ಉಷ್ಣತೆಯೂ ಶೇಕಡ 60ರ ಆರ್ದ್ರತೆಯೂ ಇರುವ ಗಾಳಿಯೇ ಮಧ್ಯಾಹ್ನ ತಗಡಿನ ಕೆಳಗೆ 40 ಡಿಗ್ರಿಗೆ ಕಾದರೆ, ಒಂದು ಹನಿ ನೀರನ್ನೂ ಕಳೆದುಕೊಳ್ಳದೆಯೇ ಅದರ ಆರ್ದ್ರತೆ ಶೇಕಡ 20ಕ್ಕೆ ಇಳಿಯುತ್ತದೆ. ಅಟ್ಟದ ಮೇಲಿನ ಜಾಗವು ಸುರಕ್ಷಿತವೆಂದು ಹುಡುಗನು ಎಣಿಸಿದ್ದನು. ಮಕ್ಕಳ ಮಟ್ಟಿಗೆ ಅದು ನಿಜ. ಮರದ ಮಟ್ಟಿಗೆ ಅದು ಒಲೆಯೇ ಸರಿ.

ಮರದಲ್ಲಿರುವ ನೀರು ಈ ಆರ್ದ್ರತೆಯನ್ನು ಅನುಸರಿಸಿ ಏರಿಳಿಯುತ್ತದೆ. ಆರ್ದ್ರತೆಯು ಶೇಕಡ 80ರಷ್ಟಿರುವಲ್ಲಿ ಬಹುಕಾಲ ಇಟ್ಟ ಮರದಲ್ಲಿ ಅದರ ಒಣತೂಕದ ಸುಮಾರು ಶೇಕಡ 16ರಷ್ಟು ನೀರಿರುತ್ತದೆ; ಆರ್ದ್ರತೆ ಶೇಕಡ 30 ಆದರೆ ನೀರು ಶೇಕಡ 6ರ ಹತ್ತಿರಕ್ಕೆ ಬರುತ್ತದೆ. ನೀರು ಹೋದಂತೆ ಮರವು ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದು ಅದರ ಹತ್ತಾರು ಪಟ್ಟು. ಒಳ್ಳೆಯ ಗಿಟಾರಿನ ಮುಂಭಾಗಕ್ಕೆ ಬಳಸುವ ಸ್ಪ್ರೂಸ್ ಎಂಬ ಶೀತದೇಶದ ಮರವು, ನೀರಿನ ಪ್ರಮಾಣ ಶೇಕಡ 1ರಷ್ಟು ಇಳಿದಾಗ, ಅಗಲದಲ್ಲಿ ಸುಮಾರು ಶೇಕಡ 0.15ರಷ್ಟು ಕುಗ್ಗುತ್ತದೆ. ಗಿಟಾರಿನ ಅತ್ಯಂತ ಅಗಲವಾದ ಭಾಗವು ಸುಮಾರು 40 ಸೆಂಟಿಮೀಟರು. ನೀರು 16ರಿಂದ 6ಕ್ಕೆ ಇಳಿದರೆ ಹಲಗೆಯು ಶೇಕಡ 1.5ರಷ್ಟು, ಎಂದರೆ 6 ಮಿಲಿಮೀಟರು, ಕುಗ್ಗಬೇಕಾಗುತ್ತದೆ.

ವಾರ್ನಿಷು ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ರಾತ್ರಿಯ ತಂಪು ಸ್ವಲ್ಪ ತೇವವನ್ನು ಹಿಂದಕ್ಕೆ ಕೊಡುತ್ತದೆ. ಆದುದರಿಂದ ನಿಜವಾದ ಕುಗ್ಗುವಿಕೆ ಇದರ ಅರ್ಧವೆಂದೇ ಎಣಿಸೋಣ. ಆದರೂ 3 ಮಿಲಿಮೀಟರು ಉಳಿಯಿತಷ್ಟೆ. ಹಲಗೆಯು ತನ್ನಷ್ಟಕ್ಕೆ ಕುಗ್ಗುವಂತಿದ್ದರೆ ತೊಂದರೆಯಿರಲಿಲ್ಲ. ಅದನ್ನು ಒಳಗಿನಿಂದ ಅಡ್ಡಪಟ್ಟಿಗಳಿಗೆ ಅಂಟಿಸಿರುತ್ತಾರೆ. ಆ ಪಟ್ಟಿಗಳ ನಾರು ಬೇರೆ ದಿಕ್ಕಿಗಿರುವುದರಿಂದ ಅವು ಕುಗ್ಗುವುದಿಲ್ಲ, ಹಲಗೆಯನ್ನು ಕುಗ್ಗಲೂ ಬಿಡುವುದಿಲ್ಲ. ಅದರ ಮೇಲೆ ಆರು ಉಕ್ಕಿನ ತಂತಿಗಳು ಒಟ್ಟು ಸುಮಾರು 70 ಕಿಲೋಗ್ರಾಂ ಭಾರದಷ್ಟು ಬಲದಿಂದ ಕುದುರೆಯನ್ನು ಎಳೆಯುತ್ತಿರುತ್ತವೆ. ನಾರಿಗೆ ಅಡ್ಡವಾಗಿ ಶೇಕಡ 1ರಷ್ಟು ಹಿಗ್ಗುವುದಕ್ಕೆ ಮೊದಲೇ ಮರವು ಸೀಳುವ ಸ್ವಭಾವದ್ದು. ಹೀಗಿರಲು, ಆ ಬಿರುಕಿಗೆ ಮಾರಿದವನ ಮೋಸ ಕಾರಣವಲ್ಲ. ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿದ್ದ ವಾದ್ಯವನ್ನು ಅಕ್ಕೋಳದ ಬೇಸಿಗೆಯು ಮೂರು ವಾರಗಳಲ್ಲಿ ಒಣಗಿಸಿತು. ಕಾರಣವು ಇಷ್ಟೇ.

ಈಗ ಎದುರುಪಕ್ಷವನ್ನು ವಿಚಾರಿಸೋಣ. ಕಾರ್ಬನ್ ಫೈಬರ್ ಎಂದರೆ ಇಂಗಾಲದ ನಾರು. ಅಕ್ರಿಲಿಕ್ ಜಾತಿಯ ಕೃತಕ ನೂಲನ್ನು ಆಮ್ಲಜನಕ ತಗಲದಂತೆ 1000 ಡಿಗ್ರಿಗೂ ಮೀರಿದ ಕಾವಿನಲ್ಲಿ ಸುಟ್ಟಾಗ ಇಂಗಾಲವೊಂದೇ ಉಳಿಯುತ್ತದೆ. ಇದರ ಎಳೆಯು ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳು. ಇಂಥ ಸಾವಿರಾರು ಎಳೆಗಳನ್ನು ಬಟ್ಟೆಯಂತೆ ಹಾಸಿ, ಎಪಾಕ್ಸಿ ಎಂಬ ರಾಳದಲ್ಲಿ ನೆನೆಸಿ, ಅಚ್ಚಿನಲ್ಲಿ ಗಟ್ಟಿಗೊಳಿಸಿದರೆ ಉಕ್ಕಿಗಿಂತ ಬಹಳ ಹಗುರವಾದ, ಬಿಗುಪಿನಲ್ಲಿ ಲೋಹಗಳಿಗೆ ಸರಿಸಾಟಿಯಾದ ಹಾಳೆ ದೊರೆಯುತ್ತದೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು ಶೇಕಡ 45 ಇಂಥ ಸಂಯುಕ್ತ ವಸ್ತುಗಳೇ ಆಗಿವೆ.

ವಿಮಾನಕ್ಕೂ ವಾದ್ಯಕ್ಕೂ ಇರುವ ಈ ನಂಟು ಆಕಸ್ಮಿಕವಲ್ಲ. ಅಮೆರಿಕದಲ್ಲಿ ಹೆಲಿಕಾಪ್ಟರುಗಳನ್ನು ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ ಎಂಬಾತನು 1966ರಲ್ಲಿ ಓವೇಶನ್ ಎಂಬ ಹೆಸರಿನ ಗಿಟಾರುಗಳನ್ನು ಹೊರತಂದನು. ಅವುಗಳ ಮುಂಭಾಗ ಮರದ್ದು, ಬೆನ್ನು ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕಿನದು. ಮುಂದೆ ಜಾನ್ ಡೆಕರ್ ಎಂಬ ಭೌತವಿಜ್ಞಾನಿಯು ತೇವದ ನೆಲೆಯಾದ ಹವಾಯಿ ದ್ವೀಪದಲ್ಲಿ ಪೂರ್ತಿ ಇಂಗಾಲದ ನಾರಿನಿಂದಲೇ ಗಿಟಾರನ್ನು ಮಾಡುವ ಸಾಹಸಕ್ಕಿಳಿದನು. 1990ರ ದಶಕದಲ್ಲಿ ಅವು ಮಾರುಕಟ್ಟೆಗೆ ಬಂದವು. ಅವುಗಳಿಗೆ ಇಟ್ಟ ರೇನ್‌ಸಾಂಗ್, ಎಂದರೆ ಮಳೆಹಾಡು, ಎಂಬ ಹೆಸರೇ ಅವುಗಳ ಉದ್ದೇಶವನ್ನು ಸಾರುತ್ತದೆ.

ಪ್ರಯಾಣದ ಮಟ್ಟಿಗೆ ಈ ವಸ್ತುವಿನ ಗೆಲುವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಅದು ಹೀರುವ ತೇವ ಅತ್ಯಲ್ಪ. ಉಷ್ಣದಿಂದ ಹಿಗ್ಗುವುದೂ ಉಕ್ಕಿಗಿಂತ ಕಡಿಮೆ. ಮರದ ವಾದ್ಯಗಳಲ್ಲಿ ಬಳಸುವ ಸಾಂಪ್ರದಾಯಿಕ ಸರೇಸು ಸುಮಾರು 60 ಡಿಗ್ರಿಯಲ್ಲಿ ಮೆತ್ತಗಾಗಬಹುದು. ಬಿಸಿಲಿನಲ್ಲಿ ನಿಲ್ಲಿಸಿದ, ಕಿಟಕಿ ಮುಚ್ಚಿದ ಮೋಟಾರಿನೊಳಗೆ ಅಷ್ಟು ಕಾವು ಏರುವುದು ಅಪರೂಪವಲ್ಲ. ಅಂಥ ಕಡೆಯಲ್ಲಿಯೂ ಇಂಗಾಲದ ವಾದ್ಯವು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು ಅನುಕೂಲವೂ ಉಂಟು. ಬ್ರೆಜಿಲ್ ದೇಶದ ಬೀಟೆಯ ಜಾತಿಯ ಮರವು ದುರ್ಲಭವಾದ ಮೇಲೆ, 1969ರಿಂದ ಅಮೆರಿಕದ ಹೆಸರಾಂತ ಮಾರ್ಟಿನ್ ಸಂಸ್ಥೆಯು ತನ್ನ ಗಿಟಾರುಗಳ ಬೆನ್ನಿಗೆ ಭಾರತದ ಬೀಟೆಯನ್ನು ಬಳಸತೊಡಗಿತು. ನಮ್ಮ ಸಹ್ಯಾದ್ರಿಯಲ್ಲಿ ಬೆಳೆಯುವ ಜಾತಿಯೇ ಅದು. ಬೀಟೆಯ ಕುಲದ ಎಲ್ಲ ಮರಗಳೂ 2017ರಲ್ಲಿ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿದಾಗ ವಾದ್ಯಗಳ ಮಾರಾಟಕ್ಕೂ ಸಾಗಾಟಕ್ಕೂ ಪರವಾನಗಿಯ ತೊಡಕುಂಟಾಯಿತು. 2019ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ದೊರೆಯಿತು. ಇಂಗಾಲದ ವಾದ್ಯಕ್ಕೆ ಈ ಬಗೆಯ ಗೊಡವೆಯೇ ಇಲ್ಲ.

ಆದರೆ ವಾದ್ಯವಿರುವುದು ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಕುಳಿತಿರುವುದಕ್ಕಲ್ಲ, ನಾದ ಕೊಡುವುದಕ್ಕೆ. ತಂತಿಯು ತಾನೇ ಗಾಳಿಯನ್ನು ಹೆಚ್ಚಾಗಿ ಅಲುಗಿಸಲಾರದು. ಅದರ ಕಂಪನವನ್ನು ಕುದುರೆಯ ಮೂಲಕ ಪಡೆದು ಗಾಳಿಗೆ ಕೊಡುವುದು ಮುಂಭಾಗದ ಹಲಗೆ. ಆ ಹಲಗೆಯು ಬಿಗುಪಾಗಿಯೂ ಇರಬೇಕು, ಹಗುರವಾಗಿಯೂ ಇರಬೇಕು. ಒಂದು ಘನಮೀಟರು ಸ್ಪ್ರೂಸ್ ಮರದ ತೂಕ ಸುಮಾರು 400 ಕಿಲೋಗ್ರಾಂ. ಇಂಗಾಲದ ಸಂಯುಕ್ತದ್ದು ಸುಮಾರು 1550. ಬಿಗುಪನ್ನೂ ಸಾಂದ್ರತೆಯನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ನಾದವನ್ನು ಹೊರಸೂಸುವ ಶಕ್ತಿಯನ್ನು ಗಣಿಸಿದರೆ, ನಾರಿನ ದಿಕ್ಕಿನಲ್ಲಿ ಸ್ಪ್ರೂಸ್ ಮರವು ಇಂಗಾಲದ ಹಾಳೆಯ ಸುಮಾರು ಎರಡು ಪಟ್ಟಿಗೆ ಕಡಿಮೆಯಿಲ್ಲ. ಆದುದರಿಂದಲೇ ತಯಾರಕರು ಇಂಗಾಲದ ಹಾಳೆಯನ್ನು ಬಹಳ ತೆಳುವಾಗಿಸುತ್ತಾರೆ, ಇಲ್ಲವೆ ಎರಡು ಹಾಳೆಗಳ ನಡುವೆ ಹಗುರವಾದ ಬೆಂಡನ್ನು ತುಂಬುತ್ತಾರೆ. ಹೀಗೆ ಮಾಡಿ ಒಳ್ಳೆಯ ನಾದವನ್ನು ಪಡೆದಿರುವುದೂ ನಿಜ. ಆದರೆ ಸೃಷ್ಟಿಯು ಮರದಲ್ಲಿ ಮೊದಲೇ ಮಾಡಿಟ್ಟ ಉಪಾಯವನ್ನೇ ಅವರು ಬಹು ಶ್ರಮದಿಂದ ಅನುಸರಿಸಬೇಕಾಯಿತೆಂಬುದನ್ನು ಮರೆಯಬಾರದು. ಮರವೂ ಸೆಲ್ಯುಲೋಸಿನ ನಾರನ್ನು ಲಿಗ್ನಿನ್ ಎಂಬ ಅಂಟಿನಲ್ಲಿ ಹುದುಗಿಸಿದ ಸಂಯುಕ್ತವೇ; ಒಣಮರದ ತೂಕದಲ್ಲಿ ಸುಮಾರು ಅರ್ಧ ಪಾಲು ಇಂಗಾಲವೇ. ಸ್ಪರ್ಧೆಯು ದಾಯಾದಿಗಳ ನಡುವಿನದು!

ಇನ್ನು ದೊಡ್ಡಪ್ಪನವರ ‘ಜೀವ’ದ ಮಾತು. ಅವರ ತಂಬೂರಿಯು ಮೀರಜಿನಲ್ಲಿ ತಯಾರಾದುದು. ಅಥಣಿ, ಕಾಗವಾಡಗಳಿಗೆ ನೆರೆಯಾದ ಆ ಊರಿನಲ್ಲಿ 19ನೆಯ ಶತಮಾನದ ನಡುವಿನಿಂದ ಸಿತಾರು, ತಂಬೂರಿಗಳ ಕಸುಬು ನಡೆದುಬಂದಿದೆ. ಕತ್ತಿಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಅದಕ್ಕೆ ಮೊದಲಿಗರೆಂದು ಹೆಸರಾಗಿದ್ದಾರೆ. 2024ರಲ್ಲಿ ಅಲ್ಲಿಯ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ತಂಬೂರಿಯ ಬುರುಡೆಯು ಪಂಢರಪುರದ ಸುತ್ತ ಬೆಳೆಯುವ ದೊಡ್ಡ ಸೋರೆಕಾಯಿ. ಪ್ರಯಾಣದಲ್ಲಿ ಅದು ಗಿಟಾರಿಗಿಂತಲೂ ನಾಜೂಕು. ಬಸ್ಸಿನಲ್ಲಿ ಒಬ್ಬರ ಮೊಣಕೈ ತಗಲಿದರೆ ಸಾಕು. ಈ ಭಯದಿಂದಲೇ ಫೈಬರಿನ ಬುರುಡೆಯ ತಂಬೂರಿಗಳೂ ಬಂದಿವೆ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನೇ ರೂಪಿಸಿದರು.

ಹಾಗಾದರೆ ತಂಬೂರಿಯ ಜೀವವು ಎಲ್ಲಿದೆ? ಈ ಪ್ರಶ್ನೆಗೆ ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಒಂದು ಲೇಖನದಲ್ಲಿ ಉತ್ತರದ ದಾರಿಯನ್ನು ತೋರಿಸಿದ್ದಾರೆ. ತಂತಿಯನ್ನು ಅದರ ನಡುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಪಾಶ್ಚಾತ್ಯ ವಾದ್ಯಗಳಿಂದ ತಿಳಿದ ನಿಯಮ. ತಂಬೂರಿ, ವೀಣೆಗಳಲ್ಲಿ ಅವೂ ಚೆನ್ನಾಗಿ ಕೇಳಿಬರುತ್ತವೆ. ಕುದುರೆಯ ಮೈ ಚಪ್ಪಟೆಯಾಗಿ ಅಗಲವಾಗಿದ್ದು ನಸುವಾಗಿ ಬಾಗಿರುವುದರಿಂದ, ಕಂಪಿಸುವ ತಂತಿಯು ಅದನ್ನು ಮತ್ತೆ ಮತ್ತೆ ಸವರುತ್ತದೆ. ಉಪಸ್ವರಗಳು ಹುಟ್ಟುವುದು ಈ ಸ್ಪರ್ಶದಿಂದ. ತಂಬೂರಿಯಲ್ಲಿ ತಂತಿಯ ಕೆಳಗೆ ಸರಿಸುವ ನೂಲಿನ ಎಳೆಯು ಆ ಸ್ಪರ್ಶವನ್ನು ಹದಗೊಳಿಸುತ್ತದೆ. ಇದನ್ನೇ ಸಂಗೀತಗಾರರು ಜವಾರಿ ಎನ್ನುವರು. ಆದುದರಿಂದ ತಂಬೂರಿಯ ವಿಶಿಷ್ಟ ನಾದದ ಗುಟ್ಟು ಬಹುಪಾಲು ಇರುವುದು ಕುದುರೆಯನ್ನು ಕೂದಲೆಳೆಯಷ್ಟು ನಿಖರವಾಗಿ ಉಜ್ಜಿ ಹದಮಾಡುವ ಕಸುಬುಗಾರನ ಕೈಯಲ್ಲಿ. ಬುರುಡೆಯು ನಾದಕ್ಕೆ ಮೈಕೊಡುತ್ತದೆ, ನಿಜ. ಆದರೆ ಬುರುಡೆ ಫೈಬರಿನದಾದ ಮಾತ್ರಕ್ಕೆ ಜವಾರಿಯು ಸಾಯುವುದಿಲ್ಲ. ಹಾಗೆಯೇ ಜವಾರಿ ಬಲ್ಲ ಕಸುಬುಗಾರನಿಲ್ಲದೆ ಯಾವ ಬುರುಡೆಗೂ ಜೀವ ಬರುವುದಿಲ್ಲ. ಹೊಸ ವಸ್ತುವು ಬಂದರೆ ಮೀರಜಿನ ಕಸುಬು ಮುಗಿಯಿತೆಂದು ಅಂಜುವವರೂ, ಮುಗಿಯಲಿ ಎನ್ನುವವರೂ ಈ ಮಾತನ್ನು ಗಮನಿಸಬೇಕು.

ಇಷ್ಟನ್ನೂ ತೂಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯವಿದು. ವರ್ಷದ ಹೆಚ್ಚಿನ ದಿನ ಊರೂರು ತಿರುಗುತ್ತ, ಇಂದು ಕರಾವಳಿಯಲ್ಲಿಯೂ ನಾಳೆ ವಿಜಯಪುರದ ಬಿಸಿಲಿನಲ್ಲಿಯೂ ನುಡಿಸಬೇಕಾದ ವೃತ್ತಿನಿರತರಿಗೆ ಇಂಗಾಲದ ಗಿಟಾರು ತಕ್ಕುದು. ಆದರೆ ಅದರ ಬೆಲೆ ಹತ್ತಾರು ಸಾವಿರದಿಂದ ಲಕ್ಷವನ್ನೂ ಮೀರುತ್ತದೆ. ಒಡೆದರೆ ನಮ್ಮ ಊರುಗಳಲ್ಲಿ ಸರಿಪಡಿಸುವವರು ಸಿಗುವುದು ಕಷ್ಟ. ಅದನ್ನು ಕರಗಿಸಿ ಮತ್ತೊಂದನ್ನು ಮಾಡಲು ಬಾರದು. ಮಣ್ಣಿನಲ್ಲಿ ಅದು ಕೊಳೆಯುವುದೂ ಇಲ್ಲ. ರೈತನ ಮನೆಯ ವಿದ್ಯಾರ್ಥಿಯು ಸಾಲ ಮಾಡಿ ಅದನ್ನು ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಅವನಿಗೆ ನಡುವಿನ ದಾರಿಯೊಂದುಂಟು. ತೆಳುವಾದ ಮರದ ಪದರಗಳನ್ನು ನಾರು ಒಂದಕ್ಕೊಂದು ಅಡ್ಡಬರುವಂತೆ ಅಂಟಿಸಿದ ಪ್ಲೈವುಡ್ ಗಿಟಾರುಗಳು ಅಗ್ಗವಾಗಿ ದೊರೆಯುತ್ತವೆ. ಒಂದು ಪದರವು ಕುಗ್ಗಲೆಳಸಿದರೆ ಅಡ್ಡಲಾಗಿರುವ ಪದರವು ತಡೆಯುತ್ತದೆ. ಆದುದರಿಂದ ಅವು ಸೀಳುವುದು ಕಡಿಮೆ. ಒಂದೇ ಹಲಗೆಯ ವಾದ್ಯದಷ್ಟು ತುಂಬಿದ ನಾದ ಅವುಗಳಿಗಿಲ್ಲ. ಆದರೆ ಕಲಿಯುವ ಕೈಗೆ ಅಷ್ಟು ಸಾಕು. ಒಂದೇ ಹಲಗೆಯ ವಾದ್ಯವು ಈಗಾಗಲೇ ಕೈಯಲ್ಲಿದ್ದರೆ ಅದನ್ನು ಕಾಪಾಡುವ ವಿದ್ಯೆಯನ್ನು ಕಲಿಯಬೇಕು. ಅದಕ್ಕೆ ಬೇಕಾದುದು ಮುಚ್ಚಳ ಬಿಗಿಯಾದ ಪೆಟ್ಟಿಗೆ ಮತ್ತು ಕೆಲವು ನೂರು ರೂಪಾಯಿಗೆ ದೊರೆಯುವ ಪುಟ್ಟ ಆರ್ದ್ರತಾಮಾಪಕ. ಪೆಟ್ಟಿಗೆಯೊಳಗಿನ ಆರ್ದ್ರತೆಯು ಶೇಕಡ 45ರಿಂದ 55ರ ನಡುವೆ ಇದ್ದರೆ ಮರವು ಸುಖವಾಗಿರುತ್ತದೆ. ಬೇಸಿಗೆಯಲ್ಲಿ ಅದು 40ಕ್ಕಿಂತ ಇಳಿದರೆ, ತೂತು ಕೊರೆದ ಸಾಬೂನಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನಿಟ್ಟು ಪೆಟ್ಟಿಗೆಯೊಳಗೆ ಇರಿಸಬೇಕು. ಮಳೆಗಾಲದಲ್ಲಿ 65ನ್ನು ಮೀರಿದರೆ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಇಡಬೇಕು. ತಗಡಿನ ಅಟ್ಟವೂ ಬಿಸಿಲು ಬೀಳುವ ಗೋಡೆಯೂ ಎಂದಿಗೂ ವಾದ್ಯದ ಸ್ಥಳವಲ್ಲ.

ಅಗ್ಗದ ಮಾಪಕವನ್ನು ನಂಬುವುದು ಹೇಗೆಂದು ಕೇಳಬಹುದು. ಅದನ್ನು ಪರೀಕ್ಷಿಸುವ ಸುಲಭ ಪ್ರಯೋಗವೊಂದಿದೆ. ಬಾಟಲಿಯ ಮುಚ್ಚಳದಲ್ಲಿ ಅಡಿಗೆಯ ಉಪ್ಪನ್ನು ತುಂಬಿ, ಕೆಲವು ಹನಿ ನೀರು ಹಾಕಿ ಕೆಸರಿನಂತೆ ಮಾಡಿರಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಪಾರದರ್ಶಕ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿರಿ. ಉಪ್ಪಿನ ಪರ್ಯಾಪ್ತ ದ್ರಾವಣದ ಮೇಲಿನ ಗಾಳಿಯ ಆರ್ದ್ರತೆಯು ನಮ್ಮ ಕೋಣೆಗಳ ಎಲ್ಲ ಉಷ್ಣತೆಗಳಲ್ಲಿಯೂ ಶೇಕಡ 75ರ ಹತ್ತಿರವೇ ಇರುತ್ತದೆ. ಮಾಪಕವು 70 ತೋರಿಸಿದರೆ ಮುಂದೆ ಅದರ ಲೆಕ್ಕಕ್ಕೆ 5ನ್ನು ಕೂಡಿಸಿಕೊಳ್ಳಿರಿ. ಇದಕ್ಕೆ ಪ್ರಯೋಗಶಾಲೆಯೂ ಬೇಡ, ಅಧ್ಯಾಪಕರೂ ಬೇಡ.

ಆ ಹುಡುಗನಿಗೆ ನಾವು ಇದನ್ನೆಲ್ಲ ವಿವರಿಸಿ, ಮುರಿದ ವಾದ್ಯವನ್ನು ಎಸೆಯಬೇಡವೆಂದು ಹೇಳಿ ಮೀರಜಿಗೆ ಕಳುಹಿಸಿದೆವು. ಅಲ್ಲಿಯ ವಯಸ್ಸಾದ ಕಸುಬುಗಾರರೊಬ್ಬರು ತಂತಿಗಳನ್ನು ಬಿಚ್ಚಿ, ಕೆಲವು ದಿನ ವಾದ್ಯವನ್ನು ತೇವದ ಕೋಣೆಯಲ್ಲಿಟ್ಟರು. ಬಿರುಕು ತಾನಾಗಿ ಕೂಡಿಬಂದಾಗ ಅದಕ್ಕೆ ಅಂಟು ಹಾಕಿ, ಒಳಗಿನಿಂದ ಬೆರಳುಗುರಿನಷ್ಟಗಲದ ಮರದ ತುಣುಕುಗಳನ್ನು ಅಡ್ಡಲಾಗಿ ಕೂರಿಸಿಕೊಟ್ಟರಂತೆ. ಗಾಡಿಯ ಚಕ್ರವನ್ನು ನೀರಿಗಿಳಿಸಿದ ರೈತನ ವಿದ್ಯೆಯೇ ಇದು. ಮರವು ಸೀಳುವುದು ಯಾವ ಗುಣದಿಂದಲೋ, ಕೂಡುವುದೂ ಅದೇ ಗುಣದಿಂದ. ಈಗ ಗಿಟಾರಿನ ಮೇಲೆ ಕೂದಲಿನಷ್ಟು ಸಣ್ಣ ಗೆರೆಯೊಂದು ಉಳಿದಿದೆ; ನಾದಕ್ಕೆ ಊನವಿಲ್ಲ.

ಕಳೆದ ತಿಂಗಳು ಅವನು ಮಂಗಳೂರಿನಿಂದ ಪತ್ರ ಬರೆದಿದ್ದಾನೆ. ಪೆಟ್ಟಿಗೆಯೊಳಗಿನ ಆರ್ದ್ರತೆಯನ್ನು ದಿನವೂ ಬೆಳಗ್ಗೆ ಮತ್ತು ಸಂಜೆ ಬರೆದಿಟ್ಟ ಎರಡು ಹಾಳೆಗಳೂ ಅದರ ಜೊತೆಗಿದ್ದವು. ಊರಿನಲ್ಲಿ ದೊಡ್ಡಪ್ಪನವರೂ ತಂಬೂರಿಯ ಹತ್ತಿರ ಇಡಲು ಒಂದು ಮಾಪಕವನ್ನು ತರಿಸಿಕೊಂಡಿದ್ದಾರೆಂಬುದು ಪತ್ರದ ಕೊನೆಯ ಸಾಲು.